ಮರದ ಸೀಟಿ ಕಪಾಟಿನ ಒಡವೆಯಲ್ಲ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿಕೊಂಡಾಗ, ಅವರ ಮನಸ್ಸಿನಲ್ಲಿದ್ದುದು ಬಹುಶಃ ನಿವೃತ್ತ ಮುಖ್ಯೋಪಾಧ್ಯಾಯನೊಬ್ಬನ ಸೇವಾವಧಿಯ ನೆನಪುಗಳು. ಹೊಸೂರು ಸೀಮೆಯ ಈ ಗಡಿನೆಲದಲ್ಲಿ ಕನ್ನಡ ಶಾಲೆಯೊಂದು ಐವತ್ತು ವರ್ಷ ಬಾಳಿದ ಕಥೆಯನ್ನು ಹೇಳಬಲ್ಲ ಹಿರಿಯರು ಈ ಸಂಚಿಕೆಯಲ್ಲಿ ಅನೇಕರಿದ್ದಾರೆ. ಅದನ್ನು ಅವರಿಗೇ ಬಿಟ್ಟು, ನಾನು ಒಂದು ಸಣ್ಣ ವಸ್ತುವಿನ ವಿಷಯವಾಗಿ ನನ್ನ ಅಭಿಪ್ರಾಯವನ್ನು ವಾಚಕರ ಮುಂದಿಡಬಯಸುತ್ತೇನೆ. ಆ ವಸ್ತು ಕೈಯಿಂದ ಕಡೆದ ಮರದ ಸೀಟಿ. ನಮ್ಮ ಮಕ್ಕಳ ಬಾಯಲ್ಲಿ ಅದು ಪೀಪಿ.

ಇದಕ್ಕೆ ಕಾರಣವಿದೆ. ಮಹೋತ್ಸವ ವರ್ಷದ ಸಮಾರೋಪದ ದಿನ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ನೆನಪಿನ ಕಾಣಿಕೆಯನ್ನು ಕೊಡಬೇಕೆಂದು ಸಮಿತಿಯು ಯೋಚಿಸುತ್ತಿದೆ. ಸ್ಟೀಲ್ ಲೋಟ, ಪ್ಲಾಸ್ಟಿಕ್ಕಿನ ಊಟದ ಡಬ್ಬಿ, ಶಾಲೆಯ ಹೆಸರು ಅಚ್ಚಾದ ಗಾಜಿನ ಫಲಕ, ಹೀಗೆ ನಾನಾ ಸಲಹೆಗಳು ಬಂದಿವೆ. ಇವೆಲ್ಲವೂ ಒಳ್ಳೆಯವೇ. ಆದರೂ ಚನ್ನಪಟ್ಟಣದ ಕುಶಲಕರ್ಮಿಗಳು ಕಡೆದ ಒಂದೊಂದು ಮರದ ಸೀಟಿಯನ್ನು ಮಕ್ಕಳ ಕೈಗೆ ಕೊಡುವುದು ಇವೆಲ್ಲಕ್ಕಿಂತ ಮೇಲೆಂಬುದು ನನ್ನ ನಮ್ರ ಅಭಿಪ್ರಾಯ. ಸಭೆಯಲ್ಲಿ ಈ ಮಾತನ್ನಾಡಿದಾಗ ಕೆಲವರು ನಕ್ಕರು. ನಕ್ಕವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದುದರಿಂದ ನನಗೆ ಬೇಸರವಾಗಲಿಲ್ಲ. ಆದರೆ ಐದು ನಿಮಿಷದ ಸಭೆಯಲ್ಲಿ ಹೇಳಲಾಗದ ಮಾತನ್ನು ಐದು ಪುಟದಲ್ಲಿ ಹೇಳಬಹುದೆಂದು ಈ ಲೇಖನಿ ಹಿಡಿದಿದ್ದೇನೆ.

ಮೊದಲಿಗೆ, ಸೀಟಿಯೆಂಬುದು ಎಷ್ಟು ಸೂಕ್ಷ್ಮವಾದ ರಚನೆ ಎಂಬುದನ್ನು ನೋಡೋಣ. ಹೊರಗಿನಿಂದ ನೋಡಿದರೆ ಅದೊಂದು ಹೆಬ್ಬೆರಳು ಗಾತ್ರದ ಕೊಳವೆ. ಮರದ ತುಂಡನ್ನು ದುಂಡಗೆ ಕಡೆದು, ಒಳಗೆ ಕೊರೆದು, ಬಾಯಿಯ ಕಡೆಯಿಂದ ಒಂದು ಬೆಣೆಯನ್ನು ಬಿಗಿಯಾಗಿ ಕೂರಿಸಿರುತ್ತಾರೆ. ಆ ಬೆಣೆಯ ಒಂದು ಬದಿಯನ್ನು ಚಪ್ಪಟೆಯಾಗಿ ಹೆರೆದಿರುವುದರಿಂದ ಬೆಣೆಗೂ ಕೊಳವೆಗೂ ನಡುವೆ ತೆಳ್ಳನೆಯ ಒಂದು ಓಣಿ ಉಳಿಯುತ್ತದೆ. ನಾವು ಊದಿದ ಉಸಿರು ಆ ಓಣಿಯಲ್ಲಿ ಪಟ್ಟಿಯಂತೆ ಹರಿದು, ಕೊಳವೆಯ ಮೇಲೆ ಕತ್ತರಿಸಿದ ಕಿಂಡಿಯ ಚೂಪಾದ ಅಂಚಿಗೆ ಬಡಿಯುತ್ತದೆ. ಬಡಿದ ಗಾಳಿ ಒಮ್ಮೆ ಅಂಚಿನ ಒಳಕ್ಕೆ, ಒಮ್ಮೆ ಹೊರಕ್ಕೆ, ಸೆಕೆಂಡಿಗೆ ನೂರಾರು ಸಲ ತೂಗಾಡುತ್ತದೆ. ಕೊಳವೆಯೊಳಗಿನ ಗಾಳಿಯೂ ಅದರೊಡನೆ ನಡುಗುತ್ತದೆ. ಆ ನಡುಕವೇ ನಮ್ಮ ಕಿವಿಗೆ ನಾದ.

ನಾದವು ಎಷ್ಟು ಏರಿನದೆಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಕೊಳವೆಯ ಉದ್ದ. ಒಂದು ತುದಿ ಮುಚ್ಚಿದ ಕೊಳವೆಯು 5 ಸೆಂಟಿಮೀಟರ್ ಇದ್ದರೆ, ಲೆಕ್ಕದ ಪ್ರಕಾರ ಸೆಕೆಂಡಿಗೆ ಸುಮಾರು 1,700 ಕಂಪನಗಳು ಉಂಟಾಗುತ್ತವೆ. 10 ಸೆಂಟಿಮೀಟರ್ ಇದ್ದರೆ ಅದರ ಅರ್ಧ. ತುದಿಯನ್ನು ತೆರೆದರೆ ಅದೇ ಉದ್ದದ ಕೊಳವೆ ಹೆಚ್ಚುಕಡಿಮೆ ಒಂದು ಸ್ಥಾಯಿ ಮೇಲಕ್ಕೆ ನುಡಿಯುತ್ತದೆ. ಮನುಷ್ಯನ ಕಿವಿ ಅತ್ಯಂತ ಚುರುಕಾಗಿ ಕೇಳುವುದು ಸೆಕೆಂಡಿಗೆ 2,000ದಿಂದ 5,000 ಕಂಪನಗಳ ನಡುವಿನ ನಾದವನ್ನು. ಬೆರಳುದ್ದದ ಸೀಟಿಯ ಸದ್ದು ಹೊಲದ ಆಚೆಯ ಬದುವಿಗೂ ಕೇಳಿಸುವುದರ ಗುಟ್ಟು ಇದೇ. ಓಣಿ ಒಂದು ಕೂದಲೆಳೆಯಷ್ಟು ಅಗಲವಾದರೆ ಉಸಿರಿನ ಭುಸುಭುಸು ಮಾತ್ರ ಕೇಳುತ್ತದೆ. ಅಂಚು ಮೊಂಡಾದರೆ ಸೀಟಿ ಮೂಕವಾಗುತ್ತದೆ. ಹೀಗಿರುವಾಗ, ಮಕ್ಕಳಾಟಿಕೆಯೆಂದು ಬದಿಗೆ ಸರಿಸುವ ವಸ್ತುವಿನಲ್ಲಿ ಕಸುಬುದಾರನ ಕೈ ಎಷ್ಟು ನಿಖರವಾಗಿರಬೇಕೆಂಬುದನ್ನು ಊಹಿಸಬಹುದು.

ಇನ್ನು ಮರದ ವಿಷಯ. ಬೆಂಗಳೂರಿನಿಂದ ಮೈಸೂರಿನ ದಾರಿಯಲ್ಲಿ ಸುಮಾರು 60 ಕಿಲೋಮೀಟರ್ ದೂರದಲ್ಲಿರುವ ಚನ್ನಪಟ್ಟಣವು ಗೊಂಬೆಗಳ ಊರೆಂದು ಹೆಸರಾದುದು ಎಲ್ಲರಿಗೂ ತಿಳಿದಿದೆ. ಟಿಪ್ಪು ಸುಲ್ತಾನನು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಈ ಕಸುಬಿಗೆ ಆಶ್ರಯ ಕೊಟ್ಟನೆಂಬ ಪ್ರತೀತಿಯಿದೆ. ಅಲ್ಲಿಯ ಪರಂಪರೆಯ ಮರ ಹಾಲೆ ಮರ; ಕಸುಬಿನವರ ಬಾಯಲ್ಲಿ ಅದು ‘ಆಲೆ ಮರ’. ದಂತದಂತೆ ಬೆಳ್ಳಗೆ, ನಯವಾದ ಎಳೆಯುಳ್ಳ ಮರವದು. ಕಡಿದ ಮರವನ್ನು ತಿಂಗಳುಗಟ್ಟಲೆ ಒಣಗಿಸಿ, ತುಂಡರಿಸಿ, ಲೇತಿಗೆ ಕೊಟ್ಟು, ತಿರುಗುತ್ತಿರುವಾಗ ಉಳಿಯಿಂದ ರೂಪ ಕೊಡುತ್ತಾರೆ. ಬಳಿಕ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಅದರ ಮೇಲೆ ಕೇದಗೆ ಜಾತಿಯ ಒಣಗರಿಯನ್ನು ಒತ್ತಿದರೆ ಬಣ್ಣವು ಸಮನಾಗಿ ಹರಡಿ ಹೊಳಪು ಬರುತ್ತದೆ. ಇದರಲ್ಲಿ ಕುಂಚವೂ ಇಲ್ಲ, ಸೀಮೆಎಣ್ಣೆಯ ವಾಸನೆಯೂ ಇಲ್ಲ.

ಕೈಯಿಂದ ಮಾಡಿದ್ದು ಎಂದಾಗ ಯಂತ್ರವೇ ಇಲ್ಲವೆಂದು ಯಾರೂ ಭಾವಿಸಬೇಕಾಗಿಲ್ಲ. ಬಹಳ ಕಡೆ ಲೇತು ಈಗ ವಿದ್ಯುತ್ತಿನಿಂದ ತಿರುಗುತ್ತದೆ. ಹಾಲೆ ಮರ ಸಾಲದಾದಾಗ ರಬ್ಬರ್ ಮರವನ್ನೂ ಬಳಸುವುದುಂಟು. ಆದರೆ ಉಳಿಯನ್ನು ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ತೀರ್ಮಾನಿಸುವುದು ಇಂದಿಗೂ ಮನುಷ್ಯನ ಕೈಯೇ. ಈ ಕಾರಣದಿಂದ ಒಂದೇ ಬುಟ್ಟಿಯಲ್ಲಿರುವ ಒಂದೇ ಬಣ್ಣದ, ಒಂದೇ ಆಕಾರದ ಎರಡು ಸೀಟಿಗಳು ಒಂದೇ ದನಿಯಲ್ಲಿ ನುಡಿಯುವುದಿಲ್ಲ. ಅಚ್ಚಿನಿಂದ ಬಂದ ಪ್ಲಾಸ್ಟಿಕ್ ಸೀಟಿಗಳು ಸಾವಿರವಿದ್ದರೂ ಒಂದೇ ದನಿ.

ಈ ವ್ಯತ್ಯಾಸವನ್ನು ದೋಷವೆಂದು ತಿಳಿಯುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಮರದ ಸೀಟಿಯ ಒಡೆತನಕ್ಕೆ ಅರ್ಥ ಬರುವುದೇ ಇದರಿಂದ. ಬುಟ್ಟಿಯಿಂದ ಆರಿಸಿದ ಸೀಟಿಯ ದನಿಯನ್ನು ಅದರ ಒಡೆಯ ಕೆಲವೇ ದಿನಗಳಲ್ಲಿ ಗುರುತಿಸತೊಡಗುತ್ತಾನೆ. ನಾನು ಸೇವೆಯಲ್ಲಿದ್ದಾಗ ಏಳನೆಯ ಮತ್ತು ಎಂಟನೆಯ ತರಗತಿಯ ಮಕ್ಕಳನ್ನು ಮೈಸೂರು ಪ್ರವಾಸಕ್ಕೆ ಕರೆದೊಯ್ಯುವಾಗ ಚನ್ನಪಟ್ಟಣದಲ್ಲಿ ಬಸ್ಸನ್ನು ನಿಲ್ಲಿಸುವುದು ವಾಡಿಕೆಯಾಗಿತ್ತು. ಒಂದು ವರ್ಷ ಮಕ್ಕಳು ಅಂಗಡಿಯ ಬುಟ್ಟಿಯ ಮುಂದೆ ಕುಳಿತು, ಬಣ್ಣ ನೋಡಿ ಆರಿಸುವ ಬದಲು, ಅಂಗಡಿಯಾತನಿಂದ ಒಂದೊಂದನ್ನೇ ಊದಿಸಿ ಕೇಳಿ ಆರಿಸಿದರು. ಆತ ಬೇಸರಪಡಲಿಲ್ಲ. “ಮೇಷ್ಟ್ರೇ, ಬರುವ ಗಿರಾಕಿಗಳೆಲ್ಲ ಬಣ್ಣ ನೋಡ್ತಾರೆ. ನಿಮ್ಮ ಮಕ್ಕಳು ಒಳಗಿನ ಕೆಲಸ ನೋಡ್ತಾ ಇದ್ದಾರೆ” ಎಂದ. ಹಿಂತಿರುಗುವಾಗ ಕತ್ತಲಾದ ಬಸ್ಸಿನಲ್ಲಿ ಯಾರು ಊದಿದರೆಂಬುದನ್ನು ಮುಖ ನೋಡದೆಯೇ ಮಕ್ಕಳು ಹೇಳುತ್ತಿದ್ದರು. ಕಿವಿಗೆ ಇಂತಹ ಶಿಕ್ಷಣವನ್ನು ಕೊಡುವ ಪಠ್ಯಪುಸ್ತಕವನ್ನು ನಾನು ಇನ್ನೂ ಕಂಡಿಲ್ಲ.

ಒಳ್ಳೆಯ ಸೀಟಿಯನ್ನು ಆರಿಸುವ ಬಗೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ ಹೀಗೆ. ಮೊದಲು ಮೆಲ್ಲನೆ ಊದಿಸಿ ನೋಡಬೇಕು. ಜೋರಾಗಿ ಊದಿದರೆ ಕೆಟ್ಟ ಸೀಟಿಯೂ ಕಿರುಚುತ್ತದೆ. ಮೆಲ್ಲಗಿನ ಉಸಿರಿಗೂ ತಡವರಿಸದೆ ದನಿಗೊಡುವುದು ಒಳ್ಳೆಯ ಕೆಲಸದ ಲಕ್ಷಣ. ಬಳಿಕ ಬೆಣೆಯನ್ನು ಬೆರಳಿನಿಂದ ಒತ್ತಿ ಅದು ಅಲುಗಾಡುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಕಿಂಡಿಯ ಅಂಚನ್ನು ಬೆಳಕಿಗೆ ಹಿಡಿದರೆ ಅದು ನೇರವಾಗಿದೆಯೋ, ಸಿಬಿರೆದ್ದಿದೆಯೋ ಕಾಣುತ್ತದೆ. ಬಿಳಿಯ ಬಟ್ಟೆಯ ತುದಿಯನ್ನು ಒದ್ದೆ ಮಾಡಿ ಉಜ್ಜಿದರೆ ಒಳ್ಳೆಯ ಅರಗಿನ ಬಣ್ಣ ಬಿಡುವುದಿಲ್ಲ. ಕೊನೆಯದಾಗಿ ಮೂಸಿ ನೋಡಬೇಕು. ಪೇಂಟಿನ ಘಾಟು ಇದ್ದರೆ ಅದು ಅರಗಿನ ಕೆಲಸವಲ್ಲ. ಇಷ್ಟನ್ನು ತಿಳಿದ ಮಗುವು ನಾಳೆ ಕುರ್ಚಿಯನ್ನು ಕೊಳ್ಳುವಾಗಲೂ, ಬಟ್ಟೆಯನ್ನು ಕೊಳ್ಳುವಾಗಲೂ, ಹೊರಗಿನ ಹೊಳಪಿಗೆ ಮರುಳಾಗದೆ ಒಳಗಿನ ಕೆಲಸವನ್ನು ವಿಚಾರಿಸುತ್ತದೆ.

ಈಗ ಕನ್ನಡ ಶಾಲೆಗೂ ಈ ಸೀಟಿಗೂ ಏನು ಸಂಬಂಧವೆಂಬ ಪ್ರಶ್ನೆಗೆ ಬರುತ್ತೇನೆ. ಸಂಬಂಧವು ನಾನು ಕಲ್ಪಿಸಿದ್ದಲ್ಲ. 13ನೆಯ ಶತಮಾನದ ವೈಯಾಕರಣ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಮಾತಿನ ಶಬ್ದವು ಹೇಗೆ ಹುಟ್ಟುತ್ತದೆಂಬುದನ್ನು ವಿವರಿಸುವಾಗ, ನಾಭಿಯ ಮೂಲದಿಂದ ಏಳುವ ಗಾಳಿಯನ್ನು ಹೇಳಿ, ಅದಕ್ಕೆ ಹೋಲಿಕೆಯಾಗಿ ತೆಗೆದುಕೊಂಡಿರುವುದು ಊದುವ ವಾದ್ಯವಾದ ಕಹಳೆಯನ್ನು. ಕನ್ನಡದ ವ್ಯಾಕರಣವೇ ಊದುವ ಕೊಳವೆಯ ದೃಷ್ಟಾಂತದಿಂದ ಶಬ್ದದ ಪಾಠವನ್ನು ಹೇಳಿರುವಾಗ, ಕನ್ನಡ ಮೇಷ್ಟ್ರು ಸೀಟಿಯನ್ನು ಹಿಡಿದರೆ ಆಶ್ಚರ್ಯಪಡಬೇಕಾಗಿಲ್ಲ.

ನಮ್ಮ ಗಡಿಯ ಮಕ್ಕಳ ಒಂದು ಕಷ್ಟವನ್ನು ಇಲ್ಲಿಯ ಶಿಕ್ಷಕರೆಲ್ಲರೂ ಬಲ್ಲರು. ಮನೆಯಲ್ಲಿ ಒಂದು ಮಾತು, ಬೀದಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು. ತಮಿಳಿನ ಲಿಪಿಯಲ್ಲಿ ಮಹಾಪ್ರಾಣಕ್ಕೆ ಬೇರೆ ಅಕ್ಷರವಿಲ್ಲ. ಆ ಭಾಷೆಗೆ ಅದರ ಅಗತ್ಯವೂ ಇಲ್ಲ. ನಮ್ಮ ಹಳ್ಳಿಯ ಆಡುಗನ್ನಡವೂ ಮಹಾಪ್ರಾಣವನ್ನು ಅಷ್ಟಾಗಿ ಬಳಸುವುದಿಲ್ಲ. ಆದುದರಿಂದ ಐದು ವರ್ಗಗಳಲ್ಲಿ ಇರುವ ಹತ್ತು ಮಹಾಪ್ರಾಣಗಳನ್ನು ಮಕ್ಕಳು ಕಣ್ಣಿನಿಂದ ಕಲಿಯುತ್ತಾರೆಯೇ ಹೊರತು ಉಸಿರಿನಿಂದ ಕಲಿಯುವುದಿಲ್ಲ. ಸೀಟಿಯನ್ನು ಒಮ್ಮೆ ಮೆಲ್ಲಗೆ, ಒಮ್ಮೆ ಉಸಿರನ್ನು ನೂಕಿ ಊದಲು ಹೇಳಿ, ಆ ನೂಕುವಿಕೆಯನ್ನೇ ‘ಕ’ಕಾರದ ಬೆನ್ನಿಗೆ ಸೇರಿಸೆಂದರೆ ‘ಖ’ಕಾರ ಬರುತ್ತದೆ. ಇದನ್ನು ನಾನು ಅನೇಕ ವರ್ಷ ತರಗತಿಯಲ್ಲಿ ಪ್ರಯೋಗಿಸಿದ್ದೇನೆ.

ಛಂದಸ್ಸಿನ ಪಾಠದಲ್ಲಿ ಇದರ ಪ್ರಯೋಜನ ಇನ್ನೂ ಹೆಚ್ಚು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂದು ಕಪ್ಪು ಹಲಗೆಯ ಮೇಲೆ ಬರೆದಾಗ ಮಕ್ಕಳು ಅದನ್ನು ಲೆಕ್ಕದ ಪಾಠವೆಂದೇ ತಿಳಿಯುತ್ತಾರೆ. ಚಿಕ್ಕ ಊದು ಲಘು, ಅದರ ಇಮ್ಮಡಿ ಉದ್ದದ ಊದು ಗುರು ಎಂದು ಸೀಟಿಯಲ್ಲಿ ತೋರಿಸಿದರೆ ಪ್ರಸ್ತಾರವು ಕಿವಿಗೆ ಇಳಿಯುತ್ತದೆ. ಭಾಮಿನಿಯ ಮೂರು ನಾಲ್ಕು ಮಾತ್ರೆಗಳ ನಡೆಗೂ ವಾರ್ಧಕದ ಐದೈದು ಮಾತ್ರೆಗಳ ನಡೆಗೂ ಇರುವ ವ್ಯತ್ಯಾಸವನ್ನು ಅಕ್ಷರವೇ ಇಲ್ಲದೆ ಊದಿ ತೋರಿಸಬಹುದು. ಎರಡನ್ನೂ ಊದಿ, ಇದು ಯಾವುದು ಹೇಳಿ ಎಂದರೆ ಹಿಂದಿನ ಬೆಂಚಿನ ಹುಡುಗನೂ ಕೈಯೆತ್ತುತ್ತಾನೆ. ವಿಜ್ಞಾನದ ಅಧ್ಯಾಪಕರಿಗಂತೂ ಉದ್ದಕ್ಕೂ ಕಂಪನಕ್ಕೂ ಇರುವ ಸಂಬಂಧವನ್ನು ತೋರಿಸಲು ಎರಡು ಅಳತೆಯ ಸೀಟಿಗಳಿಗಿಂತ ಅಗ್ಗದ ಉಪಕರಣ ಬೇರೆ ಸಿಗಲಾರದು.

ಇನ್ನು ಆಕ್ಷೇಪಣೆಗಳನ್ನು ಪರಿಶೀಲಿಸೋಣ. ಪ್ಲಾಸ್ಟಿಕ್ ಸೀಟಿ ಅಗ್ಗ, ಗಟ್ಟಿ, ಜೋರು ಎಂಬುದು ಮೊದಲನೆಯ ಮಾತು. ಇದರಲ್ಲಿ ಸತ್ಯವಿದೆಯೆಂದು ಒಪ್ಪುತ್ತೇನೆ. ಆಟದ ಮೈದಾನದಲ್ಲಿ ತೀರ್ಪುಗಾರನಿಗೆ ಮರದ ಸೀಟಿ ಸಾಲದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಜೋಸೆಫ್ ಹಡ್ಸನ್ 1880ರ ದಶಕದಲ್ಲಿ ಲಂಡನ್ ಪೊಲೀಸರಿಗಾಗಿ ಲೋಹದ ಸೀಟಿಯನ್ನೂ, ಆಟಗಳಿಗಾಗಿ ಒಳಗೆ ಗುಂಡು ಉರುಳುವ ಸೀಟಿಯನ್ನೂ ತಯಾರಿಸಿದನು. ಆ ಗುಂಡು ಒದ್ದೆಯಾಗಿ ಸಿಕ್ಕಿಕೊಳ್ಳುವ ತೊಂದರೆಯನ್ನು ನಿವಾರಿಸಲು ಕೆನಡಾದ ರಾನ್ ಫಾಕ್ಸ್‌ಕ್ರಾಫ್ಟ್ ಎಂಬ ಬ್ಯಾಸ್ಕೆಟ್‌ಬಾಲ್ ತೀರ್ಪುಗಾರರು ಗುಂಡಿಲ್ಲದ ಪ್ಲಾಸ್ಟಿಕ್ ಸೀಟಿಯನ್ನು 1987ರಲ್ಲಿ ಬಳಕೆಗೆ ತಂದರು. ನಮ್ಮ ದೈಹಿಕ ಶಿಕ್ಷಕರ ಕೊರಳಲ್ಲಿ ಅಂತಹುದೇ ಇರಲಿ. ಅದು ಆಜ್ಞೆಯ ಸಾಧನ. ಎಲ್ಲರೂ ಕೇಳಿ ನಿಲ್ಲಬೇಕು. ಮಗುವಿನ ಕೈಯ ಸೀಟಿಗೆ ಆ ಕೆಲಸವಿಲ್ಲ. ಅದರ ದನಿ ಕೋಣೆಗೆ, ಅಂಗಳಕ್ಕೆ ಸಾಕಾದಷ್ಟಿದ್ದರೆ ಸಾಕು.

ಬಾಯಿಗಿಡುವ ವಸ್ತುವಾದುದರಿಂದ ಆರೋಗ್ಯಕ್ಕೆ ಹಾನಿಯಿಲ್ಲವೇ ಎಂಬುದು ತಾಯಂದಿರ ಪ್ರಶ್ನೆ. ಇದು ನ್ಯಾಯವಾದ ಪ್ರಶ್ನೆ. ಅರಗು ಒಂದು ಬಗೆಯ ಕೀಟವು ಮರದ ರೆಂಬೆಯ ಮೇಲೆ ಸ್ರವಿಸುವ ರಾಳ. ಅದನ್ನು ಶುದ್ಧಗೊಳಿಸಿ ಔಷಧದ ಮಾತ್ರೆಗಳಿಗೂ ಮಿಠಾಯಿಗಳಿಗೂ ಲೇಪ ಕೊಡುತ್ತಾರೆ. ಬಣ್ಣಗಳಲ್ಲಿ ಅರಿಸಿನ, ನೀಲಿಯಂತಹ ಸಸ್ಯಮೂಲದವನ್ನು ಬಳಸಿದ ಸೀಟಿಗಳನ್ನೇ ಕೇಳಿ ಪಡೆಯಬೇಕು. ಅಗ್ಗದ ಆಮದು ಆಟಿಕೆಗಳ ವಿಷಯದಲ್ಲಿ ಭಾರತೀಯ ಗುಣಮಟ್ಟ ಮಂಡಳಿಯು 2019ರಲ್ಲಿ ಪರೀಕ್ಷೆ ನಡೆಸಿದಾಗ ಸುಮಾರು ಮೂರರಲ್ಲಿ ಎರಡು ಪಾಲು ಮಾದರಿಗಳು ತೇರ್ಗಡೆಯಾಗಲಿಲ್ಲ. ಅನಂತರ ಕೇಂದ್ರ ಸರ್ಕಾರದ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶವು 2021ರ ಜನವರಿ 1ರಿಂದ ಜಾರಿಗೆ ಬಂದು, ಕಾರ್ಖಾನೆಯ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಯಿತು. ನೋಂದಾಯಿತ ಕುಶಲಕರ್ಮಿಗಳ ಕೈಕೆಲಸಕ್ಕೂ ಭೌಗೋಳಿಕ ಸೂಚಿಯನ್ನು ಪಡೆದ ಆಟಿಕೆಗಳಿಗೂ ವಿನಾಯಿತಿ ನೀಡಲಾಯಿತು. ಚನ್ನಪಟ್ಟಣದ ಆಟಿಕೆಗಳಿಗೆ ಆ ಸೂಚಿ 2005-06ರ ಸಾಲಿನಲ್ಲೇ ದೊರೆತಿತ್ತು. ವಿನಾಯಿತಿಯಿದೆಯೆಂದು ಕೊಳ್ಳುವವರು ಕಣ್ಣು ಮುಚ್ಚಬಾರದು. ಯಾರು ಮಾಡಿದ್ದು, ಯಾವ ಬಣ್ಣ ಎಂದು ವಿಚಾರಿಸುವ ಹೊಣೆ ನಮ್ಮ ಮೇಲಿದೆ. ಮೂರು ವರ್ಷದೊಳಗಿನ ಕೂಸುಗಳ ಕೈಗೆ ಇದನ್ನು ಕೊಡಲೂಬಾರದು.

ಗದ್ದಲವಾಗುತ್ತದೆಂಬುದು ಶಿಕ್ಷಕರ ಆಕ್ಷೇಪಣೆ. ಮೊದಲ ವಾರ ಗದ್ದಲವಾಗುವುದು ನಿಶ್ಚಯ. ಪಾಠದ ಹೊತ್ತಿಗೆ ಊದಬಾರದು, ಇನ್ನೊಬ್ಬರ ಕಿವಿಯ ಬಳಿ ಊದಬಾರದು, ಇನ್ನೊಬ್ಬರ ಸೀಟಿಯನ್ನು ಬಾಯಿಗಿಡಬಾರದು ಎಂಬ ಮೂರು ನಿಯಮಗಳನ್ನು ಮಕ್ಕಳಿಂದಲೇ ಬರೆಸಿ ಗೋಡೆಗೆ ಹಚ್ಚಿದರೆ ಎರಡನೆಯ ವಾರಕ್ಕೆ ಅದು ತಣ್ಣಗಾಗುತ್ತದೆ. ಮಾವಿನ ಓಟೆಯನ್ನು ಕಲ್ಲಿಗೆ ತಿಕ್ಕಿ ಪೀಪಿ ಮಾಡಿಕೊಂಡು, ಪರಂಗಿ ಎಲೆಯ ದಂಟನ್ನು ಕೊಳವೆ ಮಾಡಿಕೊಂಡು ಬೆಳೆದ ನಮ್ಮ ತಲೆಮಾರಿನವರು ಮಕ್ಕಳ ಊದಿಗೆ ಇಷ್ಟು ಹೆದರಬೇಕೇ? ಹರಪ್ಪಾ ಕಾಲದ ನೆಲೆಗಳಲ್ಲಿ ಹಕ್ಕಿಯ ಆಕಾರದ ಮಣ್ಣಿನ ಸೀಟಿಗಳು ದೊರೆತಿವೆ. ನಾಲ್ಕು ಸಾವಿರ ವರ್ಷಗಳ ಹಿಂದೆಯೂ ಅಲ್ಲಿನ ತಾಯಂದಿರು ಈ ಗದ್ದಲವನ್ನು ಸಹಿಸಿಕೊಂಡಿರಲೇಬೇಕು.

ಕೊನೆಯ ಆಕ್ಷೇಪಣೆಯು ಸ್ವಲ್ಪ ಸೂಕ್ಷ್ಮವಾದುದು. ತಮಿಳುನಾಡಿನ ನೆಲದಲ್ಲಿರುವ ನಾವು ಕರ್ನಾಟಕದ ವಸ್ತುವನ್ನು ಹಂಚಿದರೆ ಅದು ತಪ್ಪು ಅರ್ಥಕ್ಕೆ ಎಡೆಗೊಡದೇ ಎಂದು ಸಮಿತಿಯ ಹಿರಿಯರೊಬ್ಬರು ಕೇಳಿದರು. ಅವರ ಎಚ್ಚರಿಕೆಯನ್ನು ಗೌರವಿಸುತ್ತಲೇ ನಾನು ಮರದ ಕಡೆಗೆ ಬೆರಳು ತೋರಿಸುತ್ತೇನೆ. ಕನ್ನಡದ ಹಾಲೆಯನ್ನೇ ತಮಿಳಿನಲ್ಲಿ ವೆಟ್ಪಾಲೈ ಎನ್ನುತ್ತಾರೆ. ಪಕಾರವು ಹಕಾರವಾಗುವುದು ಹಳಗನ್ನಡದಿಂದ ನಡುಗನ್ನಡಕ್ಕೆ ಬಂದ ಪ್ರಸಿದ್ಧ ಮಾರ್ಪಾಡು; ತಮಿಳಿನ ಪಾಲ್ ನಮ್ಮಲ್ಲಿ ಹಾಲಾದಂತೆ ಪಾಲೆಯು ಹಾಲೆಯಾಯಿತು. ಮಲಯಾಳಿಗಳು ಅದನ್ನು ದಂತಪ್ಪಾಲ ಎನ್ನುತ್ತಾರೆ. ತೆಲುಗಿನಲ್ಲಿ ಅದು ಅಂಕುಡು. ಆಂಧ್ರಪ್ರದೇಶದ ಅನಕಾಪಲ್ಲಿ ಜಿಲ್ಲೆಯಲ್ಲಿ, ವರಾಹ ನದಿಯ ದಡದ ಏಟಿಕೊಪ್ಪಾಕದಲ್ಲಿ ಅದೇ ಮರವನ್ನು ಅದೇ ಬಗೆಯಲ್ಲಿ ಕಡೆದು ಅರಗು ಹಚ್ಚುತ್ತಾರೆ. ಅಲ್ಲಿ ಸಸ್ಯಮೂಲದ ಬಣ್ಣಗಳನ್ನು ಮರಳಿ ಬಳಕೆಗೆ ತರಲು ದುಡಿದ ಸಿ.ವಿ. ರಾಜು ಅವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. ನಮ್ಮೂರ ಸುತ್ತಿನ ಕುರುಚಲು ಕಾಡಿನಲ್ಲಿಯೂ ಇದೇ ಮರ ಬೆಳೆಯುತ್ತದೆ. ನಾಲ್ಕು ಭಾಷೆಯವರು ತಮ್ಮದೆಂದು ಹೆಸರಿಟ್ಟ ಮರದ ಸೀಟಿಯನ್ನು ಕೊಡುವುದರಿಂದ ಯಾರ ಮನಸ್ಸೂ ನೋಯಲಾರದು. ನಮ್ಮ ತರಗತಿಯಲ್ಲಿ ಕುಳಿತ ತಮಿಳು, ತೆಲುಗು ಮನೆಮಾತಿನ ಮಕ್ಕಳು ತಮ್ಮ ತಮ್ಮ ಮನೆಯಲ್ಲಿ ಆ ಮರಕ್ಕೇನೆನ್ನುತ್ತಾರೆಂದು ಕೇಳಿಕೊಂಡು ಬರಲಿ. ಅದೇ ಒಂದು ದಿನದ ಭಾಷಾಪಾಠವಾದೀತು.

ಈ ಕಾಣಿಕೆಯಿಂದ ನಮ್ಮ ಮಕ್ಕಳಿಗಷ್ಟೇ ಅಲ್ಲದೆ ಮಾಡಿದವರಿಗೂ ಉಪಕಾರವಿದೆ. 2023ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯು ಉದ್ಘಾಟನೆಯಾದ ಮೇಲೆ ವಾಹನಗಳು ಚನ್ನಪಟ್ಟಣವನ್ನು ಬದಿಗಿಟ್ಟು ಓಡುತ್ತಿವೆ. ಹಳೆಯ ರಸ್ತೆಯ ಬದಿಯಲ್ಲಿ ಸಾಲಾಗಿದ್ದ ಗೊಂಬೆ ಅಂಗಡಿಗಳ ವ್ಯಾಪಾರ ಕುಗ್ಗಿತು. ಪ್ರಯಾಣದಲ್ಲಿ ಉಳಿದ ಸಮಯ ನಮಗೆ ಲಾಭವೇ. ಆದರೆ ಆ ಲಾಭದ ಬೆಲೆಯನ್ನು ಮರ ಕಡೆಯುವವನು ತೆರುತ್ತಿದ್ದಾನೆ. ಕರಕುಶಲ ಕಲೆಯನ್ನು ಉಳಿಸಿರಿ ಎಂದು ವೇದಿಕೆಯ ಮೇಲೆ ಭಾಷಣ ಮಾಡುವುದು ಸುಲಭ. ಕಸುಬು ಉಳಿಯುವುದು ಗಿರಾಕಿಯಿಂದ. ಹೋಟೆಲಿನ ಒಂದು ಮಸಾಲೆ ದೋಸೆಗೆ ಚೌಕಾಸಿ ಮಾಡದೆ ಹಣ ಕೊಡುವ ನಾವು, ಅದರ ಆಸುಪಾಸಿನ ಬೆಲೆಯ ಸೀಟಿಗೆ ಅರ್ಧ ಬೆಲೆ ಕೇಳುವುದು ಸಜ್ಜನಿಕೆಯಲ್ಲ. ಕಾಣಿಕೆಯ ಸೀಟಿಗಳನ್ನು ಮಧ್ಯವರ್ತಿಗಳ ಮೂಲಕ ತರಿಸದೆ, ಸಮಿತಿಯವರು ಇಬ್ಬರು ಶಿಕ್ಷಕರನ್ನೂ ನಾಲ್ಕು ಮಂದಿ ಮಕ್ಕಳನ್ನೂ ಕಳುಹಿಸಿ ಕಡೆಯುವವರ ಮನೆಯಿಂದಲೇ ಕೊಳ್ಳಲಿ. ಮುಂದಿನ ವರ್ಷಗಳಲ್ಲಿ ಮೈಸೂರು ಪ್ರವಾಸದ ಬಸ್ಸು ಒಂದು ಗಂಟೆ ತಡವಾದರೂ ಹಳೆಯ ರಸ್ತೆಗೆ ಇಳಿಯಲಿ.

ಕೊಂಡ ಮೇಲೆ ನಡೆಸಿಕೊಳ್ಳುವ ರೀತಿಯೂ ಮುಖ್ಯ. ಅನೇಕರ ಮನೆಗಳಲ್ಲಿ ಚನ್ನಪಟ್ಟಣದ ವಸ್ತುಗಳನ್ನು ನಾನು ನೋಡಿದ್ದೇನೆ. ಗಾಜಿನ ಕಪಾಟಿನಲ್ಲಿ, ಅಂಗಡಿಯ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ, ಸಾಲಾಗಿ ನಿಲ್ಲಿಸಿರುತ್ತಾರೆ. ಸೀಟಿಯನ್ನು ಯಾರೂ ಊದಿಲ್ಲ. ಊದಿದರೆ ಹಾಳಾದೀತೆಂಬ ಭಯ. ಊದದ ಸೀಟಿಯ ಓಣಿಯಲ್ಲಿ ಧೂಳು ಕೂರುತ್ತದೆ, ಜೇಡ ಬಲೆ ಕಟ್ಟುತ್ತದೆ, ಕೆಲವು ವರ್ಷಗಳ ಬಳಿಕ ಊದಿದರೆ ದನಿಯೇ ಬರುವುದಿಲ್ಲ. ಗಡಿನಾಡಿನ ಕನ್ನಡಿಗರಾದ ನಮಗೆ ಈ ಕಪಾಟಿನ ಅಭ್ಯಾಸ ಇನ್ನೊಂದು ವಿಷಯದಲ್ಲಿಯೂ ಇದೆಯೆಂಬುದನ್ನು ಸಂಕೋಚದಿಂದ ಹೇಳುತ್ತೇನೆ. ನವೆಂಬರ್ ತಿಂಗಳಿನಲ್ಲಿ ಹೊರತೆಗೆದು ಒರೆಸಿ ಮತ್ತೆ ಒಳಗಿಡುವ ಕನ್ನಡದಿಂದ ಮಕ್ಕಳಿಗೆ ಏನೂ ದಕ್ಕುವುದಿಲ್ಲ. ತಪ್ಪೋ ಸರಿಯೋ, ದಿನವೂ ಬಾಯಿಗೆ ಬರಬೇಕು. ನಮ್ಮ ಮಕ್ಕಳು ತಮಿಳನ್ನೂ ಇಂಗ್ಲಿಷನ್ನೂ ಚೆನ್ನಾಗಿ ಕಲಿಯಲಿ. ಮನೆಯಲ್ಲಿ ಅಜ್ಜಿಯೊಡನೆ, ಅಂಗಳದಲ್ಲಿ ಗೆಳೆಯನೊಡನೆ ಕನ್ನಡವನ್ನು ಆಡುತ್ತಿರಲಿ.

ಊದುವ ಸೀಟಿಯ ಆರೈಕೆ ಕಷ್ಟವೇನೂ ಅಲ್ಲ. ಊದಿದ ಮೇಲೆ ಒಮ್ಮೆ ಕೊಡವಿ, ಒಣಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಆರಲು ಬಿಡಬೇಕು. ನೀರಿನಲ್ಲಿ ನೆನೆಹಾಕಿದರೆ ಮರ ಉಬ್ಬಿ ಓಣಿ ಮುಚ್ಚಿಕೊಳ್ಳುತ್ತದೆ. ಬಿಸಿಲಿನಲ್ಲಿಯೋ ಒಲೆಯ ಬಳಿಯೋ ಇಟ್ಟರೆ ಅರಗು ಮೆತ್ತಗಾಗುತ್ತದೆ. 2020ರ ಕೊರೋನಾ ಕಾಲದಿಂದ ಮನೆಮನೆಗೆ ಬಂದಿರುವ ಸ್ಯಾನಿಟೈಸರಿನಿಂದ ಇದನ್ನು ಒರೆಸಲೇಬಾರದು. ಅದರಲ್ಲಿರುವ ಆಲ್ಕೋಹಾಲಿಗೆ ಅರಗು ಕರಗುತ್ತದೆ. ಓಣಿಯಲ್ಲಿ ಕಸ ಸಿಕ್ಕಿದರೆ ಸೂಜಿ ಹಾಕದೆ, ತೆಳ್ಳನೆಯ ಕಾಗದದ ಪಟ್ಟಿಯನ್ನು ತೂರಿಸಿ ತೆಗೆಯಬೇಕು. ಸೂಜಿಯಿಂದ ಅಂಚಿಗೆ ಗೀರು ಬಿದ್ದರೆ ದನಿ ಒಡೆಯುತ್ತದೆ. ಇಷ್ಟನ್ನು ಪಾಲಿಸಿದರೆ ಒಂದು ಸೀಟಿ ವರ್ಷಗಟ್ಟಲೆ ಬಾಳುತ್ತದೆ. ತನ್ನದೆಂಬ ಒಂದು ವಸ್ತುವನ್ನು ಹೀಗೆ ಕಾಪಾಡಿಕೊಳ್ಳುವ ಅಭ್ಯಾಸವು, ಬಳಸಿ ಬಿಸಾಡುವ ಈ ಕಾಲದಲ್ಲಿ ಮಗುವಿಗೆ ದೊರೆಯುವ ಸಣ್ಣ ಸಂಸ್ಕಾರವಲ್ಲ.

ಆದುದರಿಂದ ಮಹೋತ್ಸವ ಸಮಿತಿಯ ಮಾನ್ಯ ಸದಸ್ಯರಲ್ಲಿಯೂ ದಾನಿಗಳಾದ ಹಳೆಯ ವಿದ್ಯಾರ್ಥಿ ಮಿತ್ರರಲ್ಲಿಯೂ ನನ್ನ ಬಿನ್ನಹವಿಷ್ಟೆ. ಸಮಾರೋಪದ ದಿನ ಪ್ರತಿಯೊಬ್ಬ ಮಗುವಿಗೂ ಒಂದು ಮರದ ಸೀಟಿಯನ್ನು, ಅದನ್ನು ಆರೈಕೆ ಮಾಡುವ ಕ್ರಮವನ್ನು ಬರೆದ ಒಂದು ಚೀಟಿಯೊಡನೆ ಕೊಡೋಣ. ಅದರ ಮೇಲೆ ಶಾಲೆಯ ಹೆಸರನ್ನು ಕೆತ್ತಿಸುವ ಅಗತ್ಯವಿಲ್ಲ. ಆ ಹಣದಲ್ಲಿ ಇನ್ನಷ್ಟು ಸೀಟಿಗಳನ್ನು ಕೊಂಡು, ಮುಂದಿನ ವರ್ಷ ಒಂದನೆಯ ತರಗತಿಗೆ ಸೇರುವ ಮಕ್ಕಳಿಗಾಗಿ ತೆಗೆದಿಡೋಣ. ಪ್ರವೇಶ ಪಡೆಯುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವುದನ್ನು ಬಲ್ಲವನಾದರೂ, ಆ ಪೆಟ್ಟಿಗೆಯಲ್ಲಿ ಒಂದೂ ಉಳಿಯಬಾರದೆಂದು ನಾನು ಹಾರೈಸುತ್ತೇನೆ.